ಅಳಿಸಿದ ಇಂಪೋರ್ಟ್ ಸಾಲು

ಪರದೇಶದ ಲಿವೋನಿಯಾ ಊರಿನ ಆ ಆಫೀಸನ್ನು ನೆನೆದರೆ ಇವತ್ತಿಗೂ ನನಗೆ ಅಸಹ್ಯವಾಗುತ್ತದೆ. ಕಾರಿನ ಬಿಡಿಭಾಗ ತಯಾರಿಸುವವರಿಗೆ ಅಲ್ಲಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುತ್ತಿದ್ದೆವು. ರಿಸೆಷನ್ ಹೊಡೆತಕ್ಕೆ ವಾರಕ್ಕೊಂದು ಕುರ್ಚಿ ಖಾಲಿಯಾಗುತ್ತಿತ್ತು.

ನನ್ನ ಪಕ್ಕದಲ್ಲಿ ಮೈಸೂರಿನವರೊಬ್ಬರು ಕೂರುತ್ತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು, ಅಕ್ಕ ಎನ್ನುತ್ತಿದ್ದೆ. ನನಗೆ ಕಾರಿರಲಿಲ್ಲ; ಹನ್ನೆರಡು ಮೈಲಿ ದಿನಾ ಕರೆತಂದು ಕರೆದೊಯ್ಯುತ್ತಿದ್ದವರು ಅವರೇ.

ಬಿಡಿಭಾಗದ ನಂಬರ್ ಸರಿಯಿದೆಯೇ ಎಂದು ನೋಡುವ ಕ್ಲಾಸೊಂದನ್ನು, ಅಂದರೆ ಪ್ರೋಗ್ರಾಂನ ಒಂದು ತುಂಡನ್ನು, ಅಕ್ಕ ತಮ್ಮ ಫೈಲಿನಲ್ಲಿ ಬರೆದಿದ್ದರು. ನಾನು ಅದನ್ನು ಇಂಪೋರ್ಟ್ ಮಾಡಿಕೊಂಡಿದ್ದೆ. ಅಂದರೆ ನನ್ನ ಫೈಲಿನ ಮೇಲ್ಗಡೆ ಒಂದು ಸಾಲು: ಇಂಥ ಫೈಲಿನಿಂದ ಇಂಥ ಕ್ಲಾಸನ್ನು ತಂದು ಬಳಸು; ಆ ಫೈಲಿಲ್ಲದಿದ್ದರೆ ನನ್ನ ಪ್ರೋಗ್ರಾಂ ನಡೆಯದು. ಕೆಲಸ ಯಾರದ್ದೆಂದು ಆ ಸಾಲು ಹೇಳುತ್ತಿತ್ತು.

"ಕಾಪಿ ಮಾತ್ರ ಮಾಡ್ಬೇಡ ಕಣೋ. ನಾನು ಒಂದು ಕಡೆ ಸರಿ ಮಾಡಿದ್ರೆ ಎಲ್ಲಾ ಕಡೆ ಸರಿ ಹೋಗ್ಬೇಕು" ಎಂದು ಕಲಿಸಿದ್ದೂ ಅವರೇ.

ಅಷ್ಟರಲ್ಲಿ ಮ್ಯಾನೇಜರ್ ಗುಟ್ಟಾಗಿ ಪಟ್ಟಿ ಮಾಡುತ್ತಿರುವ ಸುದ್ದಿ ಬಂತು. ಯಾರ ಫೈಲಿನಿಂದ ಬೇರೆಯವರು ಇಂಪೋರ್ಟ್ ಮಾಡುತ್ತಾರೋ ಅವರು ಉಳಿಯುತ್ತಾರೆ, ಮಿಕ್ಕವರು ಮನೆಗೆ. ಮರುದಿನದಿಂದಲೇ ಹೊಲಸು ಶುರುವಾಯಿತು. ಒಬ್ಬರ ಕ್ಲಾಸನ್ನು ಇನ್ನೊಬ್ಬರು ತಮ್ಮ ಫೈಲಿಗೆ ಅಂಟಿಸಿಕೊಂಡು ಇಂಪೋರ್ಟ್ ಸಾಲನ್ನು ಅಳಿಸಿದರು. ಕಾಫಿ ಮೆಷಿನ್ ಹತ್ತಿರ ಸಿಕ್ಕಾಗ ಹಲ್ಲು ಕಿರಿದರು. ಥೂ, ಇವರೂ ಮನುಷ್ಯರೇ ಎಂದುಕೊಂಡೆ. ಅದೇ ಮಧ್ಯಾಹ್ನ ಅಕ್ಕನ ಕ್ಲಾಸನ್ನು ನನ್ನ ಫೈಲಿಗೆ ಅಂಟಿಸಿದೆ, ಆ ಸಾಲನ್ನು ಅಳಿಸಿದೆ. ಅಕ್ಕನ ಫೈಲನ್ನು ಬಳಸುತ್ತಿದ್ದ ಇನ್ನಿಬ್ಬರಿಗೂ ನನ್ನದರಿಂದಲೇ ಇಂಪೋರ್ಟ್ ಮಾಡಿಕೊಳ್ಳಲು ಹೇಳಿದೆ. ಕೆಲಸ ಹೋದರೆ ವೀಸಾನೂ ಹೋಗುತ್ತದೆ ಎಂಬ ನೆಪವಿತ್ತು. ಪಟ್ಟಿಯ ವಿಷಯ ಅಕ್ಕನ ಕಿವಿಗೆ ಬಿದ್ದಿರಲಿಲ್ಲ. ದಿನಾ ಅವರ ಕಾರಿನಲ್ಲೇ ಕೂತು ಬಂದರೂ ನಾನು ಬಾಯಿ ಬಿಡಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವರನ್ನು ತೆಗೆದುಹಾಕಿದರು. ಕಾರಣ ಹೇಳಲಿಲ್ಲವಂತೆ.

ಸಂಜೆ ಐದಕ್ಕೆ ಮನೆಗೆ ಹೇಗೆ ಹೋಗುವುದೆಂದು ಯೋಚಿಸುತ್ತಾ ಹೊರಬಂದರೆ ಅವರ ಕಾರು ನಿಂತಿತ್ತು. ಹಿಂದಿನ ಸೀಟಿನಲ್ಲಿ ಅವರ ಸಾಮಾನಿನ ರಟ್ಟಿನ ಡಬ್ಬ. ಈ ಚಳಿಯಲ್ಲಿ ನಿನ್ನನ್ನು ಯಾರು ಬಿಡುತ್ತಾರೆ ಅಂತ ವಾಪಸ್ ಬಂದೆ ಎಂದರು. ಅವರ ಪಕ್ಕ ಕೂತಾಗ ನನ್ನ ಮೈಯೇ ನನಗೆ ಹೇಸಿಗೆಯಾಯಿತು.

ಹೈವೇ ಬಿಟ್ಟು ನಮ್ಮ ಎಕ್ಸಿಟ್‌ಗೆ ಅವರು ಕಾರು ತಿರುಗಿಸಿದರು. ಆಮೇಲೆ ಹೇಳಿದರು.

"ನನ್ನ ಫೈಲ್ ಡಿಲೀಟ್ ಮಾಡ್ಬಿಡ್ತಾರೆ ಕಣೋ. ಆಗ ನಿನ್ನ ಪ್ರೋಗ್ರಾಂ ನಿಂತೋಗತ್ತೆ, ಬೈಸ್ಕೋತೀಯ. ಸೋಮವಾರ ಹೋದ ತಕ್ಷಣ ಆ ಕ್ಲಾಸ್‌ನ ನಿನ್ನ ಫೈಲಿಗೆ ಕಾಪಿ ಮಾಡ್ಕೊಂಬಿಡು."

"ಆಯ್ತು ಅಕ್ಕ" ಎಂದೆ.