ಮಾವಿನ ಕೊಂಬೆಗೆ ತೂಗುಹಾಕಿದ ಕ್ರ್ಯಾಂಕು

ಮೊನ್ನೆ ಮದ್ದೂರಿನಲ್ಲಿ ಒಂದು ಹಳೆಯ ಕಾರು ನೋಡಲು ಹೋಗಿದ್ದೆ. ಮಾರುವವನು ಬಾನೆಟ್ಟು ಎತ್ತಿದ್ದೇ ತಡ, ಸುಟ್ಟ ಎಂಜಿನ್ ಆಯಿಲ್ಲಿನ ವಾಸನೆ ಮೂಗಿಗೆ ಬಡಿಯಿತು. ಹಳೆಯ ಗಾಡಿ ಕೊಳ್ಳುವವರಿಗೆ ನಾನು ಹೇಳುವುದು ಇಷ್ಟೇ: ಬಣ್ಣ ನೋಡಬೇಡಿ, ಸೀಟು ನೋಡಬೇಡಿ, ಮೊದಲು ಮೂಗು ಬಳಸಿ. ಆಯಿಲ್ಲು ಸುಟ್ಟ ವಾಸನೆ ಬಂದರೆ ಒಳಗೆ ಯಾವುದೋ ಕಬ್ಬಿಣ ಇನ್ಯಾವುದೋ ಕಬ್ಬಿಣವನ್ನು ತಿನ್ನುತ್ತಿದೆ ಎಂದೇ ತಿಳಿಯಿರಿ. ಈ ಪಾಠ ಹೇಳಿಕೊಟ್ಟವರು ಮಂಡ್ಯದ ಗುತ್ತಲಿನಲ್ಲಿ ನಮ್ಮ ಹಿಂದಿನ ಬೀದಿಯಲ್ಲಿದ್ದ ಮೇಸ್ತ್ರಿ. ಕಾರು ರಿಪೇರಿ ಮಾಡುವವರನ್ನು ಆಗ ನಾವೆಲ್ಲ ಹಾಗೇ ಕರೆಯುತ್ತಿದ್ದೆವು. ಅವರ ನೆನಪು ಬಂದಮೇಲೆ ಬೆಲೆ ಕೇಳುವ ಮನಸ್ಸೇ ಆಗಲಿಲ್ಲ... ಹಾಗೇ ಹಿಂದಿರುಗಿದೆ.

ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಹಳೆಯ ಗಾಡಿ ಕೊಂಡು ಮಾರುವ ವ್ಯಾಪಾರ ಆಗತಾನೆ ಕೈಹಿಡಿದಿತ್ತು. ಮದ್ದೂರಿನಲ್ಲಿ ಒಂದು ಡೀಸೆಲ್ ಕಾರು ಕೊಂಡಿದ್ದೆ. ಅದನ್ನು ಕಿರುಗಾವಲಿನ ಬೇಕರಿಯವರಿಗೆ ಕೊಡುತ್ತೇನೆಂದು ಮಾತೂ ಆಗಿತ್ತು. ಗಾಡಿ ಮನೆಗೆ ತರುವಾಗ ಮದ್ದೂರು ದಾಟುತ್ತಿದ್ದಂತೆ ಎಂಜಿನ್ನಿನ ಹೊಟ್ಟೆಯೊಳಗೆ ಟಕ್ ಅಂತ ಒಂದು ಸದ್ದು. ಆಮೇಲೆ ಇಡೀ ಕಾರು ಜ್ವರ ಬಂದವರ ಹಾಗೆ ನಡುಗಿ ನಿಂತಿತು.

ಟ್ರ್ಯಾಕ್ಟರಿಗೆ ಕಟ್ಟಿ ಮನೆಗೆ ಎಳೆಸಿ ತಂದೆ. ಮೇಸ್ತ್ರಿಯ ಷೆಡ್ಡಿಗೆ ಬಿಡಲಿಲ್ಲ. ಅಲ್ಲಿ ಬಿಚ್ಚಿದ ಎಂಜಿನ್ನಿನ ಸುದ್ದಿ ಸಂಜೆಯೊಳಗೆ ಮಂಡ್ಯಕ್ಕೆಲ್ಲ ಗೊತ್ತಾಗುತ್ತದೆ, ಕೊಳ್ಳುವವರು ಓಡಿಹೋಗುತ್ತಾರೆ. ಅದಕ್ಕೆ ಅವರನ್ನೇ ಮನೆಗೆ ಕರೆಸಿದೆ. ಅಂಗಳದಲ್ಲಿ ಮೂರು ಗಳ ನಿಲ್ಲಿಸಿ, ಚೈನು ಹಾಕಿ ಎಂಜಿನ್ನು ಎತ್ತಿದರು. ಕೆಳಗಿನ ತಟ್ಟೆ ಬಿಚ್ಚಿದಾಗ ಕ್ರ್ಯಾಂಕು ಎರಡು ತುಂಡಾಗಿತ್ತು. ಪಿಸ್ಟನ್ನುಗಳ ಏರಿಳಿತವನ್ನೆಲ್ಲ ತಿರುಗುವಿಕೆಯಾಗಿ ಮಾಡಿ ಚಕ್ರಕ್ಕೆ ಕಳಿಸುವ ದಪ್ಪ ಕಬ್ಬಿಣ ಅದು.

ಹೊಸ ಕ್ರ್ಯಾಂಕು ಸಿಗಲು ತಿಂಗಳಾಗುತ್ತದೆ ಎಂದರು. ಬೇಕರಿಯವರು ಅಷ್ಟು ದಿನ ಕಾಯುವವರಲ್ಲ. ಗುಜರಿ ಅಂಗಡಿಗೆ ಹೋಗಿ, ಗಂಟೆಗಟ್ಟಲೆ ಚೌಕಾಸಿ ಮಾಡಿ, ಒಂದು ಹಳೆಯ ಕ್ರ್ಯಾಂಕು ತಂದೆ. ಸೀಮೆಎಣ್ಣೆಯಲ್ಲಿ ತೊಳೆದಮೇಲೆ ಫಳಫಳ ಹೊಳೆಯುತ್ತಿತ್ತು. ನನಗೋ ಗೆದ್ದೆನೆಂಬ ಖುಷಿ.

ಮೇಸ್ತ್ರಿ ಅದರ ಹೊಳಪು ನೋಡಲಿಲ್ಲ. ಹಗ್ಗ ಕಟ್ಟಿ, ನಮ್ಮ ಮಾವಿನ ಮರದ ಕೊಂಬೆಗೆ ತೂಗುಹಾಕಿದರು. ಹಳೆಯ ಕ್ರ್ಯಾಂಕು ಜೋಡಿಸುವ ಮುಂಚೆ ಅವರು ಯಾವಾಗಲೂ ಹೀಗೆ ಮಾಡುತ್ತಿದ್ದರು. ನೇತಾಡುವ ಕಬ್ಬಿಣಕ್ಕೆ ಸುತ್ತಿಗೆಯಿಂದ ಮೆಲ್ಲಗೆ ಹೊಡೆದರೆ, ಒಳ್ಳೆಯದು ದೇವಸ್ಥಾನದ ಗಂಟೆಯ ಹಾಗೆ ಬಹಳ ಹೊತ್ತು ಮೊಳಗುತ್ತದೆ. ಕಣ್ಣಿಗೆ ಕಾಣದ ಕೂದಲೆಳೆಯ ಬಿರುಕಿದ್ದರೂ ಮೊಳಗುವುದಿಲ್ಲ.

ನನ್ನ ಹೆಂಡತಿ ಹೊರಗೆ ಬಂದವಳು ಗಾಬರಿಯಾದಳು. "ಇದೇನ್ರೀ ಇದು, ಮನೆ ಮುಂದೆ ಎಣ ನೇತಾಕ್ದಂಗೆ! ಮೊದ್ಲು ಇಳ್ಸಿ ಅದ್ನ."

"ಸುಮ್ಕಿರಿ ಅಕ್ಕ, ಮಾತಾಡ್ಸಿ ನೋಡ್ತೀನಿ," ಎಂದು ಮೇಸ್ತ್ರಿ ಸುತ್ತಿಗೆ ಎತ್ತಿದರು.

ಟೊಕ್. ಅಷ್ಟೇ. ಒಣಗಿದ ಕೊರಡಿಗೆ ಬಡಿದ ಹಾಗೆ. ತಿರುಗಿಸಿ ಇನ್ನೊಂದು ಕಡೆ ಹೊಡೆದರು. ಟೊಕ್.

"ಗೌಡ್ರೇ, ಇದು ಸತ್ತೋಗದೆ."

"ಸತ್ತಿದ್ರೆ ಎಬ್ಬರ್ಸಿ ಮೇಸ್ತ್ರಿ, ಅದಕ್ಕಲ್ವಾ ನಿಮ್ಮುನ್ನ ಕರ್ಸಿರೋದು," ಎಂದು ನಕ್ಕೆ.

ಅವರು ನಗಲಿಲ್ಲ. "ಜೋಡುಸ್ಬೋದು. ಒಂದ್ವರ್ಸನೂ ಓಡ್ತದೆ, ಒಂದ್ಮೈಲಿಗೂ ಮುರೀತದೆ. ಓಡೋವಾಗ ಮುರುದ್ರೆ ಎಂಜಿನ್ನು ಕಚ್ಕೊಂಡ್ಬುಡ್ತದೆ, ಚಕ್ರ ತಿರ್ಗಕಿಲ್ಲ. ಆಮೇಲೆ ಸ್ಟೇರಿಂಗ್ ಇಡ್ಕೊಂಡೋನ ಅಣೆಬರ. ಈ ಗಾಡಿ ಓಡ್ಸೋರ್ಯಾರು?"

"ನಾನೇ ಇಟ್ಕೋತೀನಿ. ಮಾರಾಕಿಲ್ಲ," ಎಂದೆ. ನಾಲಗೆ ಸ್ವಲ್ಪವೂ ತೊಡರಲಿಲ್ಲ. ವ್ಯಾಪಾರದ ಮಾತು ಆಡಿ ಆಡಿ ಅಭ್ಯಾಸವಾಗಿತ್ತು.

ಮೇಸ್ತ್ರಿ ನನ್ನ ಮುಖವನ್ನೇ ನೋಡುತ್ತಾ ನಿಂತರು. ಬಹಳ ಹೊತ್ತಾದ ಮೇಲೆ ಹಗ್ಗ ಬಿಚ್ಚಿದರು.

ನಾಲ್ಕು ದಿನ ಜೋಡಿಸಿದರು. ಯಾವಾಗಲೂ ಹಳೆಯ ಹಾಡು ಗುನುಗುತ್ತಾ ಕೆಲಸ ಮಾಡುತ್ತಿದ್ದವರು ಆ ನಾಲ್ಕು ದಿನ ಬಾಯಿ ಬಿಡಲಿಲ್ಲ. ಎಂಜಿನ್ನು ಶುರುವಾದಾಗ ನನಗೆ ಏನೂ ತಪ್ಪು ಕೇಳಿಸಲಿಲ್ಲ. ಅವರು ಮಾತ್ರ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು, ಕಣ್ಣು ಮುಚ್ಚಿ ಕುಳಿತೇ ಇದ್ದರು.

ಆಗಲೇ ಬೇಕರಿಯವರು ಬಂದರು. ನಾಳೆ ಬರಬೇಕಾದವರು ಇವತ್ತೇ, ಹೆಂಡತಿ ಮತ್ತು ಎರಡು ಮಕ್ಕಳನ್ನು ಕರೆದುಕೊಂಡು. ಕೈಯಲ್ಲಿ ಹೂವಿನ ಹಾರ, ನಿಂಬೆಹಣ್ಣು. "ಇವತ್ತು ದಿನ ಚೆನ್ನಾಗದಂತೆ ಕಣಣ್ಣ, ತಕೊಂಡೋಗ್ಬುಡ್ತೀವಿ," ಎಂದರು. ಮಕ್ಕಳು ಆಗಲೇ ಹಿಂದಿನ ಬಾಗಿಲು ತೆಗೆದು ಹತ್ತಿ, ಕಿಟಕಿಯ ಪಕ್ಕಕ್ಕೆ ಜಗಳವಾಡುತ್ತಿದ್ದವು.

ಮೇಸ್ತ್ರಿ ಸ್ಕ್ರೂಡ್ರೈವರನ್ನು ಕಿವಿಯಿಂದ ತೆಗೆದರು. ನನ್ನ ಹತ್ತಿರ ಬಂದು, ನನಗೊಬ್ಬನಿಗೇ ಕೇಳುವಂತೆ, "ಓಡ್ಸೋರು ನೀವೇ ಅಂದ್ರಲ್ಲ ಗೌಡ್ರೇ?" ಎಂದರು. ನಾನು ಬೇಕರಿಯವರ ಕಡೆ ತಿರುಗಿಕೊಂಡೆ.

ಆಮೇಲೆ ಅವರು ಗಟ್ಟಿಯಾಗಿ ಹೇಳಿದರು: "ಇಳೀರಪ್ಪ ಮಕ್ಳಾ. ಕಟ್ಟುದ್ ಗಾಡಿನ ಮೊದ್ಲು ಕಟ್ಟುದೋನೇ ಓಡುಸ್ಬೇಕು. ಒಂದ್ ಸುತ್ತು ಓಗಿ ಬತ್ತೀನಿ."

ಪಕ್ಕದಲ್ಲಿ ಯಾರೋ ಮನೆ ಕಟ್ಟಿಸುತ್ತಿದ್ದರು. ಅಲ್ಲಿಂದ ಮರಳಿನ ಮೂಟೆಗಳನ್ನು ಒಂದೊಂದಾಗಿ ಹೊತ್ತು ತಂದು, ಮಕ್ಕಳು ಕುಳಿತಿದ್ದ ಸೀಟಿನ ಮೇಲೆ ಇಟ್ಟರು. ಬೇಕರಿಯವರು ಬೆರಗಾಗಿ ನೋಡಿದರು. ಅದೇಕೆಂದು ನನಗೆ ತಿಳಿಯಿತು. ಪೂರಾ ಭಾರ ಹೇರಿ, ಏರಿನಲ್ಲಿ ಎಳೆಸಿ, ಆ ಕ್ರ್ಯಾಂಕು ಮುರಿಯುವುದಾದರೆ ತನ್ನ ಕೈಯಲ್ಲೇ ಮುರಿಯಲಿ ಎಂದು. ಬೇಡ ಮೇಸ್ತ್ರಿ, ಇಳೀರಿ ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು... ಬೇಕರಿಯವರು ಎದುರಿಗಿದ್ದರು. ಅನ್ನಲಿಲ್ಲ.

ನಡುಮಧ್ಯಾಹ್ನ. ಗಾಡಿ ಬೀದಿಯ ತಿರುವು ದಾಟಿ ನಾಲೆಯ ಕಡೆ ಹೋಯಿತು. ಸೇತುವೆಯ ಏರಿನಲ್ಲಿ ಎಂಜಿನ್ನು ಕೂಗುವುದು ನಮ್ಮ ಅಂಗಳಕ್ಕೆ ಕೇಳುತ್ತಿತ್ತು. ಒಂದು ಸಲ ಹತ್ತಿ ಇಳಿಯಿತು. ಎರಡನೆಯ ಸಲ. ಬೇಕರಿಯವರು "ಚೆನ್ನಾಗ್ ಎಳೀತದೆ ಕಣಣ್ಣ," ಎಂದು ನಕ್ಕರು. ಮೂರನೆಯ ಸಲ ಕೂಗು ಮೇಲೇರಿ, ಇದ್ದಕ್ಕಿದ್ದ ಹಾಗೆ ನಿಂತುಹೋಯಿತು. ಆಮೇಲೆ ಏನೋ ಬಡಿದ ಸದ್ದು.

ನಾವು ಓಡಿದಾಗ ಕಾರು ಏರಿಯ ಕೆಳಗೆ ಹೊಂಗೆಮರಕ್ಕೆ ಗುದ್ದಿಕೊಂಡಿತ್ತು. ಹಿಂದಿನ ಮೂಟೆಗಳೆಲ್ಲ ಮುಂದಕ್ಕೆ ನುಗ್ಗಿ, ಸೀಟಿನ ಸಮೇತ ಮೇಸ್ತ್ರಿಯನ್ನು ಡ್ಯಾಷ್‌ಬೋರ್ಡಿಗೆ ಒತ್ತಿದ್ದವು. ಅವರ ಬಲಮೊಣಕಾಲು ಇರಬಾರದ ಕಡೆಗೆ ತಿರುಗಿತ್ತು. ಸೇರಿದ ಜನರ ಮುಂದೆ, ಹಲ್ಲು ಕಚ್ಚಿಕೊಂಡು, ಅವರು ಹೇಳಿದ್ದು ಒಂದೇ ಮಾತು: "ನಾನೇ ಜೋಡ್ಸೋದ್ರಲ್ಲಿ ತಪ್ಪು ಮಾಡ್ದೆ. ಗೌಡ್ರುದೇನೂ ಇಲ್ಲ."

"ಇಂಥೋನ್ ಕೈಗ್ ಕೊಟ್ರಲ್ಲಣ್ಣ," ಎಂದರು ಬೇಕರಿಯವರು. ನಾನು ತಲೆಯಾಡಿಸಿದೆ.

ಆಸ್ಪತ್ರೆಯಲ್ಲಿ ಒಬ್ಬರೇ ಸಿಕ್ಕಾಗ ಕೇಳಿದೆ, ಯಾಕೆ ಹಾಗಂದಿರಿ ಎಂದು. ಅವರು ಗೋಡೆಯ ಕಡೆ ನೋಡುತ್ತಾ ಹೇಳಿದರು: "ನೀವು ಸುಳ್ಳು ಏಳುದ್ರಿ ಗೌಡ್ರೇ. ಕಬ್ಬಿಣ ನಿಜನೇ ಏಳಿತ್ತು. ಕೇಳುಸ್ಕೊಂಡೂ ಜೋಡ್ಸುದ್ನಲ್ಲ, ಅದು ನಂದೇ ತಪ್ಪು."

ಆ ಮೊಣಕಾಲನ್ನು ಮತ್ತೆ ಮಡಿಸಲಾಗಲಿಲ್ಲ. ಕುಕ್ಕರುಗಾಲಿನಲ್ಲಿ ಕೂರಲಾಗದವರು ಗಾಡಿಯ ಕೆಳಗೆ ಹೇಗೆ ನುಗ್ಗಿಯಾರು? ಕಾಲಿನ ಮಾತು ಬಿಡಿ, ಕ್ರ್ಯಾಂಕು ಜೋಡಿಸಲು ಬಾರದ ಮೇಸ್ತ್ರಿ ಎಂಬ ಹೆಸರು ಮೊದಲೇ ಊರೆಲ್ಲ ತಿರುಗಿತ್ತು. ವರ್ಷ ತುಂಬುವುದರೊಳಗೆ ಷೆಡ್ಡು ಮುಚ್ಚಿತು. ಬೇಕರಿಯವರು ನನ್ನಿಂದಲೇ ಇನ್ನೊಂದು ಗಾಡಿ ಕೊಂಡರು. ನೆಂಟರನ್ನೂ ಕಳಿಸಿದರು.

ಮದ್ದೂರಿನಿಂದ ಬಂದ ಮಾರನೆಯ ದಿನ ಮಳವಳ್ಳಿಗೆ ಹೋದೆ. ಮೇಸ್ತ್ರಿ ಅಲ್ಲಿ ಮಗಳ ಮನೆಯಲ್ಲಿದ್ದಾರೆಂದು ಯಾವಾಗಲೋ ಕೇಳಿದ್ದೆ. ಬಾಗಿಲು ತೆಗೆದ ಮಗಳು ನನ್ನನ್ನು ಗುರುತು ಹಿಡಿದು, ಕೂರಿಸಿ, ಟೀ ಕೊಟ್ಟು, ಅಬ್ಬ ತೀರಿಹೋಗಿ ಎರಡು ತಿಂಗಳಾಯಿತು ಎಂದಳು. ತಂದೆಯನ್ನು ಅವಳು ಹಾಗೇ ಕರೆಯುತ್ತಿದ್ದಳು.

ಆಮೇಲೆ ಅವಳೇ ಕೇಳಿದಳು: "ಸಾಯೋಗಂಟ್ಲೂ ನನ್ ಕೈ ತಪ್ಪು ಅಂತಾನೇ ಅಂದ್ರು ಅಣ್ಣ. ನೀವು ಅಲ್ಲೇ ಇದ್ರಲ್ಲ. ನಿಜ್ವಾಗ್ಲೂ ಅಬ್ಬಂಗೆ ಕೆಲ್ಸ ಬರ್ತಿರ್ಲಿಲ್ವಾ?"

ಹೇಳಿದೆ. ಮಾವಿನ ಕೊಂಬೆ, ಟೊಕ್ ಎಂದ ಸದ್ದು, ನಾನು ಆಡಿದ ಮಾತು, ಮರಳಿನ ಮೂಟೆ, ಎಲ್ಲ. ಇದನ್ನೇ ಅಂದು ಏರಿಯ ಕೆಳಗೆ ಹತ್ತು ಜನರ ಮುಂದೆ ಹೇಳಿದ್ದರೆ ಆ ಮನುಷ್ಯನ ಹೆಸರಾದರೂ ಉಳಿಯುತ್ತಿತ್ತು.

ಅವಳು ಕೊನೆಯವರೆಗೂ ಕೇಳಿದಳು. ನಾನು ಅರ್ಧ ಕುಡಿದಿಟ್ಟಿದ್ದ ಟೀ ಲೋಟವನ್ನು ಎತ್ತಿಕೊಂಡು ಒಳಗೆ ಹೋದಳು. ಬರುತ್ತಾಳೆಂದು ಕಾದೆ... ಒಳಗಿನಿಂದ ಲೋಟ ತೊಳೆಯುವ ಸದ್ದು ಕೇಳಿಸಿತು, ಆಮೇಲೆ ಅದೂ ನಿಂತಿತು. ಅವಳು ಹೊರಗೆ ಬರಲಿಲ್ಲ. ಬಾಗಿಲನ್ನು ನಾನೇ ಮುಂದಕ್ಕೆ ಎಳೆದುಕೊಂಡು ಬಂದೆ.