ಅಕ್ಕನಿಗೆ ತೋರಿಸಿದ ಸಮುದ್ರ

ನನ್ನ ಅಕ್ಕನಿಗೆ ನಾನು ತೋರಿಸಿದ್ದು ಬೇರೆ ಸಮುದ್ರ. ಅವಳ ಮಗಳು ಮುಳುಗಿದ ಸಮುದ್ರವಲ್ಲ. ಗೊತ್ತಿದ್ದೇ ತೋರಿಸಿದೆ — ಹೌದು, ಗೊತ್ತಿದ್ದೇ. ಆ ದಡದ ಮರಳನ್ನು ಅವಳು ಊರಿಗೆ ತಂದು, ಮಗಳೆಂದೇ ತಿಳಿದು ಮಣ್ಣು ಮಾಡಿದಳು. ಆಮೇಲೆ ಅಲ್ಲಿ ಒಂದು ಕಲ್ಲು ನಿಲ್ಲಿಸಬೇಕೆಂದು ಹಟ ಹಿಡಿದಳು. ಕಲ್ಲಿನ ಮೇಲೆ ಮಗಳ ಹೆಸರಿನ ಕೆಳಗೆ ಅವಳು ಸತ್ತ ಊರಿನ ಹೆಸರೂ ಇರಬೇಕಂತೆ, ಅದನ್ನು ನಾನೇ ಹೇಳಿ ಕೆತ್ತಿಸಬೇಕಂತೆ.

ನಾನು ನಾಗಮಂಗಲದ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ನಿವೃತ್ತಳಾದವಳು. ಇಟಲಿಯ ನಕ್ಷೆಯನ್ನು ಕಣ್ಣು ಮುಚ್ಚಿ ಬೋರ್ಡಿನ ಮೇಲೆ ಬರೆಯಬಲ್ಲೆ. ಬೂಟಿನ ಹಾಗಿದೆ ನೋಡಿ, ಈ ಕಡೆ ಒಂದು ಸಮುದ್ರ, ಆ ಕಡೆ ಇನ್ನೊಂದು ಎಂದು ಎಷ್ಟು ಮಕ್ಕಳ ತಲೆಗೆ ತುರುಕಿದ್ದೇನೋ. ಆದ್ದರಿಂದ ತಿಳಿಯದೆ ಆಗಿಹೋಯಿತು ಅನ್ನುವ ಮಾತು ನನ್ನ ಬಾಯಲ್ಲಿ ಬರಕೂಡದು.

ಅಕ್ಕ ದೇವೀರಮ್ಮ ಕೆ.ಆರ್.ಪೇಟೆ ಹತ್ತಿರದ ಹಳ್ಳಿಗೆ ಕೊಟ್ಟ ಹೆಣ್ಣು. ಭಾವ ತೀರಿಕೊಂಡ ಮೇಲೆ ಹಸು ಕಟ್ಟಿ, ಡೇರಿಗೆ ಹಾಲು ಹಾಕಿ, ಒಬ್ಬಳೇ ಮಗಳು ಚೈತ್ರಳನ್ನು ಓದಿಸಿದಳು. ಹೋಟೆಲ್ ಅಡುಗೆ ಕಲಿತ ಹುಡುಗಿ ಇಟಲಿಯ ಕಮೋಲಿ ಅನ್ನುವ ಸಮುದ್ರದ ಊರಿನಲ್ಲಿ ಕೆಲಸಕ್ಕೆ ಸೇರಿದಳು. ಅಕ್ಕನ ನಾಲಿಗೆಯಲ್ಲಿ ಆ ಊರು ಕಂಬಳಿ ಆಯಿತು. "ನಮ್ ಚೈತ್ರ ಕಂಬ್ಳೀಲವ್ಳೆ" ಅನ್ನುವಳು. ಕೇಳಿದವರು ನಗುವರು, ಅಕ್ಕನೂ ನಗುವಳು. ಒಂದು ರಜಾದಿನ ಈಜಲು ನೀರಿಗಿಳಿದ ಚೈತ್ರ ದಡಕ್ಕೆ ಬರಲಿಲ್ಲ. ದೋಣಿಗಳಲ್ಲಿ ಹುಡುಕಿದರಂತೆ, ಹೆಣ ಸಿಗಲಿಲ್ಲ. ಅಕ್ಕ ಅಳುತ್ತಲೇ ಓಡಾಡಿ ಪಾಸ್‌ಪೋರ್ಟ್ ಮಾಡಿಸಿದಳು. ಅದು ಕೈಗೆ ಬರುವ ಹೊತ್ತಿಗೆ ಅಲ್ಲಿಯವರು ಹುಡುಕುವುದನ್ನೇ ನಿಲ್ಲಿಸಿದ್ದರು.

ನಮ್ಮಲ್ಲಿ ಸತ್ತವರನ್ನು ಸ್ವಂತ ತೋಟದಲ್ಲೇ ಮಣ್ಣು ಮಾಡುತ್ತಾರೆ. ಗುಡ್ಡೆಯ ಮೇಲೆ ಹಾಲು-ತುಪ್ಪ ಬಿಡುತ್ತಾರೆ. ವರ್ಷ ವರ್ಷವೂ ಅವರಿಗೆ ಇಷ್ಟವಾದದ್ದನ್ನು ಮಾಡಿ ಎಲೆಯಲ್ಲಿ ಎಡೆ ಇಡುತ್ತಾರೆ. ಗುಡ್ಡೆಯೇ ಇಲ್ಲವೆಂದರೆ ಹಾಲು ಬಿಡುವುದೆಲ್ಲಿ? ಶ್ರೀರಂಗಪಟ್ಟಣದ ಪುರೋಹಿತರೊಬ್ಬರು, ದರ್ಭೆಯಲ್ಲಿ ಗೊಂಬೆ ಮಾಡಿ ಹೊಳೆಯ ದಡದಲ್ಲಿ ಕ್ರಿಯೆ ಮುಗಿಸೋಣ ಅಂದರು. ಅಕ್ಕ ಹೊಳೆ ದಡದ ಗಂಜಾಂವರೆಗೂ ಬಂದಳು, ಗೊಂಬೆಯನ್ನು ನೋಡಿದ್ದೇ ತಡ, ಎದ್ದು ನಿಂತಳು.

"ಉಲ್ಲು ನನ್ ಮಗಳಾಯ್ತದಾ? ಅವ್ಳು ಬಿದ್ದ ನೀರ್ ತಾವ್ಕೆ ಓಗಿ ಒಂದಿಡಿ ಮಣ್ ತತ್ತೀನಿ. ಆಮೇಕೆ ಆಲು-ತುಪ್ಪ."

ಅಷ್ಟು ಹೇಳಿ ಬಸ್ಸು ಹತ್ತಿ ಹೊರಟೇಹೋದಳು.

ನನ್ನ ನಿವೃತ್ತಿಯಾದ ಮೇಲೆ ಮಗಳು ರಶ್ಮಿ, ಅಳಿಯ ಇಬ್ಬರೂ ನನ್ನನ್ನು ಎಲ್ಲಾದರೂ ಕರೆದುಕೊಂಡು ಹೋಗುತ್ತೇವೆ ಅಂದರು. ಎಲ್ಲಿಗೆ ಬೇಕು ಹೇಳು ಅಂದರು. ಇಟಲಿ ಅಂದವಳು ನಾನೇ. ಪಾಠದಲ್ಲಿ ಬಾಯಿ ನೋಯುವಷ್ಟು ಹೇಳಿದ ರೋಮನ್ನು ಕಣ್ಣಾರೆ ನೋಡಬೇಕೆಂಬ ಆಸೆ ಚಿಕ್ಕ ವಯಸ್ಸಿನಲ್ಲೇ ಹತ್ತಿದ್ದು — ಅಕ್ಕನ ಮಗಳು ಅಲ್ಲಿ ಸತ್ತಳೆಂದು ಆ ಆಸೆಯೇನೂ ಸಾಯಲಿಲ್ಲ. ನಮ್ಮೆಜಮಾನರಿಗೆ ವಿಮಾನವೆಂದರೆ ಭಯ, ಅವರು ಬರುವುದಿಲ್ಲ ಅಂದರು. ಸುದ್ದಿ ಹೇಗೋ ಅಕ್ಕನ ಕಿವಿಗೆ ಬಿತ್ತು. ಬೆಳಗಿನ ಹಾಲು ಕರೆದವಳೇ ಹೊರಟು ಬಂದಳು.

"ನೀವು ಓಯ್ತೀರಂತಲ್ಲ ಸಾವ್ತ್ರಿ, ನನ್ನೂ ಕರ್ಕೊಂಡೋಗೇ. ಒಂದಿಡಿ ಮಣ್ ತಕ್ಕಂಡ್ ಬಂದ್ಬುಡ್ತೀನಿ. ನಿಮ್ಗೇನೂ ತೊಂದ್ರೆ ಕೊಡಕಿಲ್ಲ."

ಬಾ ಅಂದೆ. ಇನ್ನೇನು ಅನ್ನಲಿ? ಒಳಗೊಳಗೇ ಮಾತ್ರ ಸಿಟ್ಟು ಕುದಿಯಿತು. ಸಂಸಾರ, ಶಾಲೆ, ಅತ್ತೆ ಮಾವನ ಕಾಯಿಲೆ — ಜನ್ಮಕ್ಕೆ ಒಂದು ಸಲ ನನಗೋಸ್ಕರ ಹೊರಟರೆ ಅಲ್ಲಿಗೂ ಸಾವೇ ಬರಬೇಕೇ? ಹೀಗೆ ಯೋಚಿಸಿದೆ. ಎಷ್ಟು ಕೆಟ್ಟದಾಗಿ ಕೇಳಿಸುತ್ತದೆಂದು ನನಗೆ ಗೊತ್ತು, ಆದರೂ ಯೋಚಿಸಿದ್ದು ಹೀಗೆಯೇ.

ಒಂದು ಸಂಜೆ ಅಳಿಯ ಮೊಬೈಲು ಹಿಡಿದು ಪಕ್ಕದಲ್ಲಿ ಕೂತ. "ಅತ್ತೆ, ರೋಮ್ ಆದ್ಮೇಲೆ ಸಮುದ್ರದ ಹತ್ರ ಸ್ವಲ್ಪ ದಿನ ಇರೋಣ. ದೊಡ್ಡಮ್ಮನಿಗೋಸ್ಕರ ಕಮೋಲಿಗೇ ಹೋಗೋಣ್ವಾ?" ಅಂದ. ಒಳ್ಳೆಯ ಹುಡುಗ, ತಾನಾಗಿಯೇ ಕೇಳಿದ. ಕಮೋಲಿಯ ಚಿತ್ರ ತೋರಿಸಿದ: ಗುಡ್ಡಕ್ಕೆ ಒರಗಿಕೊಂಡ ಎತ್ತರದ ಮನೆಗಳು, ಕಡಿದಾದ ಮೆಟ್ಟಿಲು, ದಡದ ತುಂಬ ಕಲ್ಲು. ಬೆರಳು ಸರಿಸಿದಾಗ ಇನ್ನೊಂದು ಊರು ಬಂತು — ರಿಮಿನಿ. ಕಣ್ಣು ಹಾಯುವಷ್ಟು ಉದ್ದ ಮರಳು, ಸಾಲಾಗಿ ಬಣ್ಣದ ಕೊಡೆಗಳು, ಕೊಡೆಯ ಕೆಳಗೆ ಕಾಲು ಚಾಚಿ ಮಲಗಿದ ನನ್ನ ವಯಸ್ಸಿನ ಹೆಂಗಸರು.

ನನಗೆ ಆ ಕೊಡೆ ಬೇಕಾಗಿತ್ತು. ಕಮೋಲಿಯಲ್ಲಿ ಏನಾಗುತ್ತದೆಂದು ಆಗಲೇ ಕಣ್ಣಿಗೆ ಕಟ್ಟಿತ್ತು. ಹುಡುಗಿ ಕೆಲಸ ಮಾಡಿದ ಹೋಟೆಲು, ಅವಳ ಜೊತೆಯವರು, ಅವಳು ಇಳಿದ ಜಾಗ... ಅಕ್ಕ ಎದೆ ಬಡಿದುಕೊಂಡು ಅಳುವುದು. ಅದೂ ಅಳಿಯನ ಮುಂದೆ, ಅಷ್ಟು ಪರದೇಶಿಗಳ ಮುಂದೆ. ಅಕ್ಕ ಅಳುತ್ತಾಳೆಂದು ನೋವಾಗಲಿಲ್ಲ ನನಗೆ, ನಾಚಿಕೆಯಾಯಿತು.

"ಅಕ್ಕನಿಗೆ ಆ ಊರು ಬೇಡವಂತೆ. ನೋಡಿದ್ರೆ ತಡ್ಕೊಳ್ಳೋಕಾಗಲ್ಲ ಅಂತಾಳೆ. ಅವಳ ಮುಂದೆ ನೀವು ಯಾರೂ ಊರ ಹೆಸರು ಎತ್ತಬೇಡಿ" ಅಂದೆ. ಮಗಳೂ ಅಳಿಯನೂ ನಂಬಿದರು. ಅಕ್ಕನಿಗೆ, ಕಂಬಳಿಗೇ ಹೋಗುವುದು ಅಂದೆ. ಅವಳೂ ನಂಬಿದಳು. ಓದಲು ಬರುವುದು ಅವಳಿಗೆ ಕನ್ನಡ ಮಾತ್ರ. ಅಲ್ಲಿಯ ಯಾವ ಬೋರ್ಡು ಅವಳಿಗೆ ನಿಜ ಹೇಳೀತು?

ರಿಮಿನಿಯ ಮೊದಲ ಬೆಳಿಗ್ಗೆ. ಸೂರ್ಯ ಸಮುದ್ರದೊಳಗಿಂದ ಎದ್ದು ಬರುತ್ತಿದ್ದ — ಚೈತ್ರ ಸತ್ತ ಊರಿನಲ್ಲಿ ಅವನು ಮುಳುಗುವುದು ಸಮುದ್ರದ ಕಡೆಗೆ. ಎರಡು ನೀರಿನ ನಡುವೆ ಇಡೀ ದೇಶವೇ ಅಡ್ಡ ಮಲಗಿತ್ತು. ಮಗಳು, ಅಳಿಯ ಇನ್ನೂ ಎದ್ದಿರಲಿಲ್ಲ. ಅಕ್ಕ ಸ್ನಾನ ಮಾಡಿ, ಒದ್ದೆ ಕೂದಲಿಗೆ ಗಂಟು ಹಾಕಿ, ತನ್ನ ಹಸುವಿನ ತುಪ್ಪವನ್ನು ಪುಟ್ಟ ಸ್ಟೀಲು ಡಬ್ಬಿಯಲ್ಲಿ ಹಿಡಿದುಕೊಂಡು ನೀರಿನ ಅಂಚಿಗೆ ಬಂದಳು. ಹಾಲನ್ನು ಅಲ್ಲಿಯ ಅಂಗಡಿಯಲ್ಲಿ ಕೊಂಡಿದ್ದೆವು. ನೀರಿಗೆ ಕಾಲಿಡುವ ಮೊದಲು ತಿರುಗಿ ನನ್ನನ್ನು ಕೇಳಿದಳು.

"ಇದೇ ಏನೇ ನೀರು?"

"ಇದೇ ಕಣಕ್ಕ."

ಆಗಲಾದರೂ ಬಾಯಿ ತಡೆಯಬಹುದಿತ್ತು... ತಡೆಯಲಿಲ್ಲ. ಅಕ್ಕ ಬಗ್ಗಿ ಮರಳನ್ನು ಮುಟ್ಟಿ ನೋಡಿದಳು. "ಬರೀ ಕಲ್ಲು ಕಣವ್ವ, ಕಾಲ್ ನೋಯ್ತದೆ ಅಂತಿದ್ಲಲ್ಲ ಫೋನಲ್ಲಿ?" ಅಂದಳು. ಸುಳ್ಳಿಗೇನು ಬರವೇ? "ಆಮೇಲೆ ಮರಳು ಸುರಿದ್ರಂತೆ ಅಕ್ಕ, ಬರೋ ಜನಕ್ಕೆ ಅನುಕೂಲ ಆಗಲಿ ಅಂತ" ಅಂದೆ.

ಅಕ್ಕ ಆ ಮರಳನ್ನು ಅಂಗೈಯಿಂದ ಒಮ್ಮೆ ಸವರಿದಳು. "ಅವ್ಳಿದ್ದಾಗ್ಲೇ ಸುರ್ದಿದ್ರೆ ಆಯ್ತಿರ್ನಿಲ್ವಾ. ಕೂಸಿಗೆ ಕಾಲಾರ ನೋಯ್ತಿರ್ನಿಲ್ಲ" ಅಂದಳು.

ಆಮೇಲೆ ಹಾಲು ಬಿಟ್ಟಳು, ತುಪ್ಪ ಬಿಟ್ಟಳು. ನಾನು ಹೆದರಿದ ಹಾಗೆ ಎದೆ ಬಡಿದುಕೊಳ್ಳಲಿಲ್ಲ, ಕೂಗಲಿಲ್ಲ. ನೀರಿನೊಡನೆ ಸಣ್ಣ ದನಿಯಲ್ಲಿ ಬಹಳ ಹೊತ್ತು ಏನೋ ಮಾತಾಡಿದಳು. ತುಪ್ಪದ ಡಬ್ಬಿಯನ್ನು ಸೆರಗಿನಿಂದ ಒರೆಸಿ ಅದರ ತುಂಬ ಮರಳು ತುಂಬಿಕೊಂಡಳು. ಆ ಮಧ್ಯಾಹ್ನ ನಾನು ಕೊಡೆಯ ಕೆಳಗೆ ಕಾಲು ಚಾಚಿ ಮಲಗಿದೆ. ಚೆನ್ನಾಗಿಯೇ ನಿದ್ದೆ ಬಂತು, ಅದನ್ನೂ ಹೇಳಿಬಿಡುತ್ತೇನೆ.

ಊರಿಗೆ ಬಂದ ಅಕ್ಕ ತೋಟದಲ್ಲಿ, ಭಾವನ ಗುಡ್ಡೆಯ ಪಕ್ಕ, ಆ ಮರಳನ್ನು ಹೂತು ಇನ್ನೊಂದು ಗುಡ್ಡೆ ಮಾಡಿಸಿದಳು. ಪ್ರತಿ ವರ್ಷ ಮಾರ್ನಮಿಗೆ ಚೈತ್ರಳಿಗೆ ಇಷ್ಟವಾದ ಕಜ್ಜಾಯ, ಕೋಳಿಸಾರು ಮಾಡಿ ಎಡೆ ಇಟ್ಟಳು. ನನ್ನನ್ನು ಕರೆಯದೆ ಒಂದು ವರ್ಷವೂ ಇಟ್ಟವಳಲ್ಲ. ನಾನು ಹೋದೆ, ಕೈ ಮುಗಿದೆ, ಉಂಡು ಬಂದೆ. ಯಾರದೋ ದಡದ ಮರಳಿಗೆ ಅವಳು "ಉಣ್ಣವ್ವ" ಅನ್ನುವಾಗ ನಾನು ಎಲೆಗೆ ನೀರು ಚಿಮುಕಿಸುತ್ತಿದ್ದೆ.

ಕಳೆದ ವರ್ಷ ಅಕ್ಕನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಎರಡೂ ಹೋದವು. ಎಡಗೈಯೂ ನಡುಗುತ್ತದೆ. ಹಸು ಮಾರಿ, ಅವಳನ್ನು ನಾಗಮಂಗಲಕ್ಕೆ, ನನ್ನ ಮನೆಗೇ ಕರೆತಂದೆ. ಮೀಯಿಸುವುದು, ಉಣಿಸುವುದು ಎಲ್ಲ ನಾನೇ. ನೆಂಟರು ಬಂದಾಗಲೆಲ್ಲ, ಒಡಹುಟ್ಟಿದವಳು ಅಂದರೆ ಸಾವಿತ್ರಿಯ ಹಾಗಿರಬೇಕು ಅನ್ನುತ್ತಿದ್ದರು. ಅಕ್ಕ ಹೌದೆಂದು ತಲೆಯಾಡಿಸುತ್ತಿದ್ದಳು. ಆಗೆಲ್ಲ ನಾನು ಕಾಫಿ ಮಾಡುವ ನೆವದಲ್ಲಿ ಒಳಗೆ ಹೋಗಿಬಿಡುತ್ತಿದ್ದೆ.

ಅವಳಿಗೆ ಉಳಿದಿದ್ದುದು ಒಂದೇ ಆಸೆ. ತಾನು ಹೋದರೆ ಆ ಗುಡ್ಡೆಯ ಪಕ್ಕದಲ್ಲೇ ಮಲಗಿಸಬೇಕು, ಅದಕ್ಕೆ ಮೊದಲು ಚೈತ್ರಳಿಗೊಂದು ಕಲ್ಲು ನಿಲ್ಲಿಸಬೇಕು. ಪಾಂಡವಪುರದ ಕಡೆಯ ಚಿನಕುರಳಿಯಲ್ಲಿ ಕಲ್ಲಿಗೆ ಹೇಳಿಸಿದಳು. ಮೊನ್ನೆ ಕಲ್ಲು ಕೆತ್ತುವವನು ನನಗೆ ಫೋನು ಮಾಡಿದ.

"ಮೇಡಂ, ಮಗೀನ್ ಎಸ್ರು ಆಯ್ತು. ಊರ್ ಎಸ್ರು ಒಂದು ಸರ್ಯಾಗಿ ಏಳ್ಬುಡಿ. ಆಮೇಕೆ ತಪ್ಪಾಗದೆ ಅಂತ ನನ್ ಕೇಳ್ಬ್ಯಾಡಿ."

ಕಮೋಲಿ ಅಂದರೆ ಆ ಮರಳಿಗೆ ಸುಳ್ಳು ಹೆಸರು. ರಿಮಿನಿ ಅಂದರೆ ಹುಡುಗಿಯ ಸಾವಿಗೇ ಸುಳ್ಳು ಹೆಸರು. ಆಮೇಲೆ ಹೇಳುತ್ತೇನಪ್ಪ ಎಂದು ಫೋನು ಇಟ್ಟೆ. ಅಕ್ಕ ಹಜಾರದಲ್ಲಿ, ಕಿಟಕಿಯ ಪಕ್ಕದ ಮಂಚದಲ್ಲಿ ಕೂತಿದ್ದಳು. ಅವಳ ಕಾಲ ಬಳಿ ನೆಲದ ಮೇಲೆ ಕೂತೆ. ಎಲ್ಲವನ್ನೂ ಹೇಳಿದೆ — ಕೊಡೆಯನ್ನೂ, ಅಳಿಯನಿಗೆ ಹೇಳಿದ ಸುಳ್ಳನ್ನೂ, ಸುರಿದ ಮರಳಿನ ಮಾತನ್ನೂ. ಅದು ಕಂಬಳಿಯಲ್ಲ ಅಕ್ಕ, ಸಮುದ್ರವೂ ಅದಲ್ಲ ಅಂದೆ. ಬೈಯಲಿ, ಮುಖಕ್ಕೆ ಉಗಿಯಲಿ ಎಂದು ಕಾದೆ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಬೈಯಲಿಲ್ಲ. ತೊದಲುವ ನಾಲಿಗೆಯಲ್ಲಿ ನಿಧಾನವಾಗಿ ಕೇಳಿದಳು. "ಅಂಗಾರೆ... ನನ್ ಕೂಸ್ ತಾವ್ಕೆ ಇನ್ನೂ ಯಾರೂ ಓಗೇ ಇಲ್ವಾ?"

ಇಲ್ಲ ಅಂದೆ. "ನಾನು ಹೋಗ್ತೀನಿ ಅಕ್ಕ. ಹೋಗಿ ತರ್ತೀನಿ."

"ನೀನ್ ಬ್ಯಾಡ" ಅಂದಳು. ಮುಖವನ್ನು ಕಿಟಕಿಯ ಕಡೆ ತಿರುಗಿಸಿ, "ಕಲ್ಲೂ ಬ್ಯಾಡ ಅನ್ನು" ಅಂದಳು.

ಚಿನಕುರಳಿಗೆ ಫೋನು ಮಾಡಿ ಬೇಡ ಅಂದೆ. ಅಷ್ಟರಲ್ಲಿ ಅವಳ ಊಟದ ಹೊತ್ತಾಯಿತು. ಮುದ್ದೆಯನ್ನು ಸಾರಿನಲ್ಲಿ ಮೆತ್ತಗೆ ಕಲಸಿ ತಂದೆ. ನನ್ನ ಕೈಯಿಂದಲೇ ಉಣ್ಣಬೇಕು, ಅವಳಿಗೆ ಬೇರೆ ದಿಕ್ಕಿಲ್ಲ. ತುತ್ತು ಎತ್ತಿ ಹಿಡಿದೆ. ಅಕ್ಕ ಕಣ್ಣು ಮುಚ್ಚಿಕೊಂಡು ಬಾಯಿ ತೆರೆದಳು.