ಲೀಡ್ಸಿಗೆ ಹೋದ ಹುಣಸೆಬೀಜ

ಕುಷ್ಟಗಿಯ ಕುರುಬರ ಓಣಿಯ ಸಣ್ಣಪ್ಪ ವಿಲಾಯತಿಯಿಂದ ತಿರುಗಿ ಬಂದ ಮೇಲೆ ಮೂರು ತಿಂಗಳು ಅವನು ಕೂತದ್ದನ್ನು ಯಾರೂ ನೋಡಲಿಲ್ಲ. ಉಣ್ಣುವ ಹೊತ್ತು ಬಿಟ್ಟರೆ ಸದಾ ನಡಿಗೆ. ಗುಡಿಯಿಂದ ಭಾವಿಗೆ, ಭಾವಿಯಿಂದ ಗುಡಿಗೆ. "ಕಾಲಿಗೆ ಚಕ್ರ ಕಟ್ಕೊಂಡ ಬಂದಾನ" ಎಂದು ಓಣಿಯವರು ನಕ್ಕರು. ನಾನೂ ನಕ್ಕೆ. ನಗಬಾರದಿತ್ತು.

ನಾನು ವೆಂಕೋಬ ಮಾಸ್ತರ, ಅವನಿಗೆ ಅಕ್ಷರ ತಿದ್ದಿಸಿದವನು. ಕಂಬಳಿ ನೇಯುವ ಮನೆಯ ಹುಡುಗ ಹೈದರಾಬಾದಿನಲ್ಲಿ ಉರ್ದುವಿನಲ್ಲಿ ಓದಿ, ನಿಜಾಮ ಸರ್ಕಾರದ ವಜೀಫೆ, ಅಂದರೆ ವಿದ್ಯಾರ್ಥಿವೇತನ, ಗಿಟ್ಟಿಸಿ, 1937ರಲ್ಲಿ ಉಣ್ಣೆಯ ವಿದ್ಯೆ ಕಲಿಯಲು ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯಕ್ಕೆ ಹೋದ. ಗೆದ್ದು ಬಂದರೆ ನಮ್ಮೂರಲ್ಲೇ ನೇಕಾರಿಕೆಯ ಶಾಲೆ ತೆರೆಯುತ್ತೇನೆಂದು ಹೇಳಿ ಹೋಗಿದ್ದ. ಅವನಿಗಿಂತ ಹೆಚ್ಚು ಎದೆಯುಬ್ಬಿಸಿಕೊಂಡು ಊರಲ್ಲಿ ತಿರುಗಿದವನು ನಾನು.

ಮರುವರ್ಷ ಅವನ ಕಾಗದ ಬಂತು. ಪದವಿಗಾಗಿ ಮುಂದಿನ ಮಾರ್ಚಿನೊಳಗೆ ಸ್ವಂತ ಕೈಯಿಂದ ನೇಯ್ದ ಬಟ್ಟೆಯೊಂದನ್ನು ಒಪ್ಪಿಸಬೇಕಂತೆ. ಉಳಿದವರು ಮಿಲ್ಲಿನ ನೂಲು ಹಿಡಿದಿದ್ದರೆ, ಇವನು ನಮ್ಮ ಕರಿಕಂಬಳಿಯನ್ನೇ ನೇಯುತ್ತೇನೆಂದು ಮಾತು ಕೊಟ್ಟಿದ್ದ. ನೂಲು ಬೇಕು, ಹುಣಸೆಬೀಜ ಬೇಕು. ಮಗ್ಗಕ್ಕೆ ಎಳೆದು ಕಟ್ಟುವ ಉದ್ದೆಳೆಗಳನ್ನು ಹಾಸು ಎನ್ನುತ್ತೇವೆ; ಅದಕ್ಕೆ ಹುಣಸೆಬೀಜದ ಗಂಜಿ ಸವರದಿದ್ದರೆ ಕಂಬಳಿ ಆಗುವುದಿಲ್ಲ.

ಅವನ ತಾಯಿ ದುರಗಮ್ಮ ಉತ್ತರ ಬರೆಸಲು ಬಂದಳು.

"ಹೊಟ್ಟಿ ತುಂಬ ಉಣ್ಣು ಅಂತ ಬರೀರಿ. ನೂಲು ತಗೀಲಿಕ್ಕತ್ತೀನಿ ಅಂತ ಬರೀರಿ. ಅಲ್ಲಿ ಬಿಸಲ ಹೆಂಗೈತಿ ಕೇಳ್ರಿ, ಮಾಸ್ತರ್ರ."

ಮೊದಲೆರಡನ್ನು ಬರೆದೆ, ಮೂರನೆಯದನ್ನು ಬಿಟ್ಟೆ. ಕಾಗದದಲ್ಲಿ ಜಾಗವಿತ್ತು, ನನಗೇ ಅಸಡ್ಡೆ. ಅಂಥ ದೊಡ್ಡ ವಿದ್ಯಾಲಯಕ್ಕೆ ಬಿಸಿಲಿನ ಯೋಗಕ್ಷೇಮ ಕೇಳುವುದೇ! ನನ್ನ ಶಿಷ್ಯನೆದುರು ನನಗೇ ನಾಚಿಕೆಯಾಯಿತು.

ಅವನ ಮರುಕಾಗದ ಬಂದಾಗ ದುರಗಮ್ಮ ಮೊದಲು ಕೇಳಿದ್ದೇ ಅದು. "ಬಿಸಲಿನ ಮಾತ ಬರದಾನೇನ್ರಿ?"

"ಎಲ್ಲಾ ಛಲೋ ಐತಂತವ್ವ" ಎಂದುಬಿಟ್ಟೆ. ಅವಳು ಒಂದು ಕಂಬಳಿಗಾಗುವಷ್ಟು ನೂಲನ್ನೂ ಕುಟ್ಟಿದ ಬೀಜವನ್ನೂ ಗಂಟು ಕಟ್ಟಿ ಕಳಿಸಿದಳು.

ಮುಂದಿನದನ್ನು ಸಣ್ಣಪ್ಪ ಗುಡಿಗೂ ಭಾವಿಗೂ ನಡುವೆ ಅಡ್ಡಾಡುತ್ತಲೇ ನನಗೆ ಹೇಳಿದ. ಗಂಟು ಫೆಬ್ರವರಿಯಲ್ಲಿ ಮುಟ್ಟಿತಂತೆ. ನಮ್ಮ ಓಣಿಯಲ್ಲಿ ಮಾಡುವ ಹಾಗೆಯೇ ಲೀಡ್ಸಿನಲ್ಲಿ ತಾನಿದ್ದ ಮನೆಯ ಹಿತ್ತಲಲ್ಲಿ ಹಾಸು ಎಳೆದು ಕಟ್ಟಿ, ಗಂಜಿ ಸವರಿ, ಒಣಗಲೆಂದು ಕಾದ. ಬರೀ ಜಿನುಗು ಮಳೆ. ಒಳಗೆ ತಂದ, ಹೊರಗೆ ಒಯ್ದ, ಹನ್ನೊಂದು ದಿನ ಈ ಗೋಡೆಯಿಂದ ಆ ಗೋಡೆಗೆ ನಡೆದ. ಒಲೆಯ ಮುಂದೆ ಹಿಡಿದರೆ ಮುಂದಿನ ಎಳೆ ಕರಟಿತು, ಹಿಂದಿನದು ಹಸಿಯಾಗಿಯೇ ಉಳಿಯಿತು. ಕೊನೆಗೆ ಗಂಜಿಗೆ ಬೂಷ್ಟು ಹಿಡಿದು ಹಾಸು ಕೈಯಲ್ಲೇ ಹರಿಯಿತು. ಬೇರೆ ನೂಲಿರಲಿಲ್ಲ. ಮುಂದಿನ ವರ್ಷ ಒಪ್ಪಿಸು ಎಂದಿದ್ದರು ಅಲ್ಲಿಯ ಗುರುಗಳು. ಅಷ್ಟರಲ್ಲಿ ಯುದ್ಧ ಬಂತು, ಊರಿಗೆ ಮರಳಲು ಹುಕುಂ ಬಂತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ದುರಗಮ್ಮ ಬರೆಸಿದ್ದ ಬಿಸಿಲಿನ ಮಾತು ನೆನಪಾಯಿತು. ಅದನ್ನು ಅವನಿಗೆ ಹೇಳದೆ ಮನೆಗೆ ನಡೆದೆ.

ಮರುದಿನ ದುರಗಮ್ಮ ಓಣಿಯಲ್ಲಿ ಹಾಸು ಕಟ್ಟಿ ಗಂಜಿ ಸವರಿದಳು. ನಾನು ಅವರ ಮನೆಯಲ್ಲಿ ಮಜ್ಜಿಗೆ ಕುಡಿದು ಹೊರಬರುವುದರೊಳಗೆ ಹಾಸು ಒಣಗತೊಡಗಿತ್ತು. ಅಡ್ಡಾಡುತ್ತಿದ್ದ ಸಣ್ಣಪ್ಪ ಅದನ್ನು ಮುಟ್ಟಿ ನೋಡಿ ಕಣ್ಣೀರು ಹಾಕಿದ.

"ಅವ್ವಾ, ಅಲ್ಲಿ ಬಿಸಲ ಇರಲಿಲ್ಲ. ಕಂಬಳಿ ನೇಯೋರ ಮಗ ನಾನು, ನನಗದು ಹೊಳೀಲೇ ಇಲ್ಲ ನೋಡು."

"ಅದಕ್ಕ ಕೇಳಿಸಿದ್ನೆಲ್ಲೋ! ಬಿಸಲಿಲ್ಲ ಅಂದಿದ್ರ ಇಲ್ಲೇ ಗಂಜಿ ಹಚ್ಚಿ, ಒಣಗಿಸಿ, ಹಾಸು ಸುತ್ತಿ ಕಳಸತಿದ್ದೆ. ಎಲ್ಲಾ ಛಲೋ ಐತಿ ಅಂತ ನೀವ ಓದಿ ಹೇಳಿದ್ರೆಲ್ರಿ, ಮಾಸ್ತರ್ರ?"

ನಾನು ಆಗ ಒಪ್ಪಿಕೊಂಡೆ. "ಅವ ಬರದಿರಲಿಲ್ಲವ್ವ. ನಾ ಅವನ್ನ ಕೇಳಿರಲೂ ಇಲ್ಲ."

ದುರಗಮ್ಮ ನನ್ನ ಮುಖ ನೋಡಿದಳು. ಬೈಯಲಿಲ್ಲ. "ಹಂಗಾರ ನನ್ನ ಮಗಂದು ತಪ್ಪಿಲ್ಲ" ಎಂದು ಗಂಜಿ ಸವರಿದ ಕುಂಚ ತೊಳೆಯತೊಡಗಿದಳು.

ಸಣ್ಣಪ್ಪ ಹಾಸಿನ ಪಕ್ಕದಲ್ಲಿ, ಬಿಸಿಲಿನಲ್ಲೇ, ನೆಲದ ಮೇಲೆ ಕೂತ. ನಾನು ಮನೆಗೆ ಬಂದೆ. ಅವತ್ತು ನನಗೆ ಕೂರಲಾಗಲಿಲ್ಲ, ಇವತ್ತಿಗೂ ಆಗುವುದಿಲ್ಲ.